ಮಾಯವಾಗುವ ಗಂಡನೂ ಮುಂಬೈ ಓದುಗರೂ

ಆಡ್ರಿ ನಿಫೆನೆಗರ್ ಬರೆದು 2003ರಲ್ಲಿ ಪ್ರಕಟವಾದ ‘ದಿ ಟೈಮ್ ಟ್ರಾವೆಲರ್ಸ್ ವೈಫ್’ ಕಾದಂಬರಿಯ ನಾಯಕ ಹೆನ್ರಿಗೆ ವಿಚಿತ್ರ ಕಾಯಿಲೆ. ನಿಂತಲ್ಲೇ ಮಾಯವಾಗಿ ಹಿಂದಿನದೋ ಮುಂದಿನದೋ ಕಾಲಕ್ಕೆ ಜಾರಿಬಿಡುತ್ತಾನೆ. ಬಟ್ಟೆ ಮಾತ್ರ ಹಿಂದೆಯೇ ಉಳಿಯುತ್ತದೆ. ಈ ಪ್ರೇಮಕಥೆಯನ್ನು ನಮ್ಮ ಮುಂಬೈ ಕನ್ನಡಿಗರ ಕೈಗೆ ಕೊಟ್ಟು ನೋಡಿ!

ಮಾಟುಂಗಾದ ಅತ್ತೆಗೆ ಇದರಲ್ಲಿ ವಿಜ್ಞಾನವೇ ಕಾಣಲಿಲ್ಲ. “ಕರಿಬೇವು ತರುತ್ತೇನೆಂದು ಹೋದ ನಮ್ಮೆಜಮಾನರು ಕಾಫಿ ಕುಡಿದು, ಕಾರ್ಡ್ಸ್ ಆಡಿ, ಕತ್ತಲಾದ ಮೇಲೆ ಬರುತ್ತಾರೆ. ಅದನ್ನೂ ಕಾದಂಬರಿ ಮಾಡೋಣವೇ?”

ಡೊಂಬಿವಲಿಯಿಂದ ನಿತ್ಯ ಫಾಸ್ಟ್ ಲೋಕಲ್ ಹತ್ತುವ ಗುಮಾಸ್ತರು ಇನ್ನೂ ಕಠಿಣ ವಿಮರ್ಶಕರು: “ದಾದರಿನಲ್ಲಿ ಇಳಿಯುವಾಗ ನಮ್ಮ ಅಂಗಿಯೂ ಅರ್ಧ ಬೋಗಿಯಲ್ಲೇ ಉಳಿಯುತ್ತದೆ. ಇವನದೇನು ಹೆಚ್ಚುಗಾರಿಕೆ?”

ಕಾಲೇಜು ಹುಡುಗಿ ಮಾತ್ರ ಕಣ್ಣೊರೆಸಿಕೊಂಡಳು. ಹೆನ್ರಿಗಾಗಿ ಅವನ ಹೆಂಡತಿ ಕ್ಲೇರ್ ಕಾಯುವ ಪರಿ ಅವಳ ಕರುಳು ಹಿಂಡಿತಂತೆ. “ವಿರಾರ್ ಲೋಕಲ್‌ಗೆ ಕಾದು ನೋಡು, ಆಮೇಲೆ ಅಳು” ಎಂದರು ಅವಳಪ್ಪ.

ಎಲ್ಲರೂ ಒಮ್ಮತದಿಂದ ತಲೆದೂಗಿದ್ದು ಒಂದೇ ಪ್ರಸಂಗಕ್ಕೆ: ಹೆನ್ರಿ ಮುಂದೆ ಬರಲಿರುವ ಲಾಟರಿ ನಂಬರು ತಿಳಿದು ಬಹುಮಾನ ಬರುವಂತೆ ಮಾಡುತ್ತಾನೆ, ಆ ದುಡ್ಡಿನಲ್ಲಿ ಮನೆ ಕೊಳ್ಳುತ್ತಾರೆ. ಅತ್ತೆ ತಕ್ಷಣ ತೀರ್ಪಿತ್ತರು: “ಸರ್ಕಾರದ ಮ್ಹಾಡಾ ಮನೆ ಲಾಟರಿಯ ಫಲಿತಾಂಶ ಮೊದಲೇ ತಿಳಿಸುವ ಅಳಿಯನಾದರೆ, ಬಟ್ಟೆಯಿಲ್ಲದೆ ಬಂದರೂ ಪರವಾಗಿಲ್ಲ, ಪಂಚೆ ನಾವೇ ಕೊಡಿಸೋಣ!”