ಲೆಕ್ಕ ಬಿಟ್ಟು ಹೋದವರಿಗೆ ಲೆಕ್ಕ ಬರೆಯುವವನ ಪತ್ರ

ಬೇಲಾಪುರ, ನವಿ ಮುಂಬಯಿ
ಫೆಬ್ರುವರಿ 28, ವಿಜ್ಞಾನ ದಿನ

ಸರ್ ಸಿ.ವಿ. ರಾಮನ್ ಅವರ ಸನ್ನಿಧಾನಕ್ಕೆ,

1907ರಲ್ಲಿ ತಾವು ಸರ್ಕಾರದ ಲೆಕ್ಕಪತ್ರ ಇಲಾಖೆ ಸೇರಿದಿರಿ. ಕಚೇರಿಗೆ ಮುಂಚೆ, ಕಚೇರಿ ಬಿಟ್ಟಮೇಲೆ ಕಲ್ಕತ್ತೆಯ ಬೌಬಜಾರ್ ಬೀದಿಯ ಪ್ರಯೋಗಾಲಯಕ್ಕೆ ಓಡುತ್ತಿದ್ದಿರಿ. 1917ರಲ್ಲಿ ಆ ನೌಕರಿಗೇ ಕೈಮುಗಿದು, ಕಡಿಮೆ ಸಂಬಳದ ಪ್ರಾಧ್ಯಾಪಕರಾದಿರಿ. ನನ್ನದು ಉಲ್ಟಾ. ವಿಜ್ಞಾನಿ ಅಂತ ಸೇರಿದೆ, ಗುಮಾಸ್ತನಾಗಿದ್ದೇನೆ.

ಬೆಳಿಗ್ಗೆ ಬೇಲಾಪುರದಲ್ಲಿ ಹಾರ್ಬರ್ ಲೈನಿನ ಗಾಡಿ ಹತ್ತುವಾಗ ತಲೆಯಲ್ಲಿ ಜೀವಕೋಶವಿರುತ್ತದೆ. ಲ್ಯಾಬ್ ಮುಟ್ಟುವಷ್ಟರಲ್ಲಿ ಕೊಟೇಶನ್. ಪಿಪೆಟ್ ಟಿಪ್ಪಿಗೂ ಮೂರು ಕೊಟೇಶನ್, ಕಡಿಮೆ ದರದವನಿಗೇ ಆರ್ಡರು. ಬಂದ ಟಿಪ್ಪು ಪಿಪೆಟ್ಟಿಗೆ ಕೂರಲಿಲ್ಲ. ಎರಡು ಮೈಕ್ರೋಲೀಟರ್ ದ್ರಾವಣ ಟ್ಯೂಬಿಗೆ ಬೀಳುವ ಬದಲು ಮೇಜಿಗೆ ಬಿತ್ತು. ಸ್ಟೋರ್ಸಿನವರು ಕೇಳಿದ್ದು ಒಂದೇ: “ದರ ಸರಿಯಾಗಿದೆಯಲ್ಲ?” ಹೊರದೇಶದ ಕಿಣ್ವ ಡ್ರೈ ಐಸಿನಲ್ಲಿ ಬಂತು. ಕಾಗದ ಕ್ಲಿಯರ್ ಆಗುವಷ್ಟರಲ್ಲಿ ಐಸು ಆವಿಯಾಗಿತ್ತು, ಕಿಣ್ವ ಬೆಚ್ಚಗಾಗಿತ್ತು. ತಣ್ಣಗಿದ್ದವರು ಸ್ಟೋರ್ಸಿನವರೊಬ್ಬರೇ.

ಅಣುಗಳಿಗೆ ತಾಗಿ ಚದುರುವ ಬೆಳಕಿನಲ್ಲಿ ತುಸು ಭಾಗದ ಬಣ್ಣ ಬದಲಾಗುತ್ತದೆಂದು 1928ರಲ್ಲಿ ತೋರಿಸಿಕೊಟ್ಟಿರಿ. ಅನುದಾನದ ಗುಣವೂ ಅದೇ: ಫೈಲುಗಳಿಗೆ ತಾಗಿದಂತೆಲ್ಲ ಬಣ್ಣಗೆಡುತ್ತದೆ. ಸಂಶೋಧನಾ ಸಲಕರಣೆಗಳ ಮೇಲೆ ಶೇ 5 ಇದ್ದ ಜಿಎಸ್‌ಟಿ 2022ರ ಜುಲೈಯಲ್ಲಿ ಶೇ 18ಕ್ಕೇರಿತು. ಸರ್ಕಾರ ಬಲಗೈಯಲ್ಲಿ ಕೊಟ್ಟದ್ದನ್ನು ಎಡಗೈಯಲ್ಲಿ ಇಸಿದುಕೊಳ್ಳುವ ಈ ಪರಿಣಾಮಕ್ಕೂ ಒಂದು ನೊಬೆಲ್ ಬರಬೇಕಿತ್ತು.

ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋ) ಹುಡುಗರಿಗೆ 2023ರಿಂದ ತಿಂಗಳಿಗೆ 37,000 ರೂಪಾಯಿ ಫೆಲೋಶಿಪ್. ತಿಂಗಳ ಲೆಕ್ಕ ಆದೇಶದಲ್ಲಿ ಮಾತ್ರ. ನಮ್ಮ ಹುಡುಗರ ಖಾತೆಗೆ ಅದು ಹಬ್ಬದ ನೆಂಟನ ಹಾಗೆ ಬರುತ್ತದೆ. ಮನೆ ಮಾಲೀಕರು ಮಾತ್ರ ಒಂದನೇ ತಾರೀಖಿಗೇ ಬರುತ್ತಾರೆ.

ಧಾರವಾಡದಿಂದ ಅವ್ವ ಫೋನಿನಲ್ಲಿ ಕೇಳುತ್ತಾಳೆ: “ಈ ವರ್ಷ ಏನರ ಕಂಡುಹಿಡದಿಯೇನೋ ತಮ್ಮಾ?”

“ಹೋದ ವರ್ಷದ ಬಿಲ್ಲು, ಅವ್ವಾ.”

ಬೆಂಗಳೂರಿನಲ್ಲಿ ಸ್ವಂತ ಸಂಸ್ಥೆ ಕಟ್ಟಿದಾಗ ತಾವು ಸರ್ಕಾರದ ದುಡ್ಡು ಬೇಡ ಅಂದಿರಂತೆ. ಸ್ವಾಭಿಮಾನ ಅಂದುಕೊಂಡಿದ್ದೆ. ಮೊನ್ನೆ ಅನುದಾನ ಖರ್ಚಾದ ಲೆಕ್ಕ ಒಪ್ಪಿಸುವ ಯುಟಿಲೈಸೇಷನ್ ಸರ್ಟಿಫಿಕೇಟನ್ನು ನಾಲ್ಕನೇ ಸಲ ತಿದ್ದುವಾಗ ಗೊತ್ತಾಯಿತು, ಅದು ದೂರದೃಷ್ಟಿ.

ಕೊನೆಗೊಂದು ಅರಿಕೆ. 1917ರಲ್ಲಿ ತಾವು ಬಿಟ್ಟೆದ್ದ ಆ ಲೆಕ್ಕಾಧಿಕಾರಿಯ ಕುರ್ಚಿ ಈಗೇನಾದರೂ ಖಾಲಿ ಇದೆಯೇ? ನನಗೆ ಹನ್ನೊಂದು ವರ್ಷದ ಅನುಭವವಿದೆ. ಹಗಲೆಲ್ಲ ಲೆಕ್ಕ ಬರೆದರೂ ಚಿಂತೆಯಿಲ್ಲ, ತಮ್ಮ ಹಾಗೆ ಸಂಜೆಯಾದರೂ ವಿಜ್ಞಾನ ಮಾಡಬಹುದು.

ಇಂತಿ ತಮ್ಮ ವಿಧೇಯ,
ವಿಜ್ಞಾನಿ
(ಹಾಜರಿ ಪುಸ್ತಕದ ಪ್ರಕಾರ)