ಪುಕ್ಕಟೆ ರಿಪೇರಿಗೆ ಗಿರಾಕಿಗಳು ಬೇಕಾಗಿದ್ದಾರೆ

ಬಿಟ್ಟಿ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎನ್ನುವ ಜನ ನಾವು. ಎರಡು ಕಟ್ಟು ದಂಟಿನ ಸೊಪ್ಪು ಕೊಂಡು, ಕೊಸರಿಗೆ ನಾಲ್ಕೆಸಳು ಕರಿಬೇವು ಕಿತ್ತುಕೊಳ್ಳದೆ ಮನೆಗೆ ಬಂದ ದಾಖಲೆಯೇ ಇಲ್ಲ. 2023ರ ಫೆಬ್ರವರಿಯಲ್ಲಿ ಟ್ರಾಫಿಕ್ ದಂಡಕ್ಕೆ ಅರ್ಧಕ್ಕರ್ಧ ರಿಯಾಯಿತಿ ಎಂದು ಸಾರಿದ್ದೇ ತಡ, ಬೆಂಗಳೂರಿನವರು ಮುಗಿಬಿದ್ದು ದಂಡ ಕಟ್ಟಿದರು. ದಂಡ ತೆತ್ತು ಬಂದು ‘ಇಷ್ಟು ಉಳಿಯಿತು’ ಎಂದು ಬೀಗಿದವರನ್ನು ನಾನೇ ಕಂಡಿದ್ದೇನೆ. ಆದರೆ ಕಾರಿನ ಕಂಪನಿಯವನೇ ‘ಸ್ವಾಮಿ, ನಿಮ್ಮ ಗಾಡಿಗೆ ನಮ್ಮ ಕಡೆಯಿಂದ ಒಂದು ಕೆಟ್ಟ ಪಾರ್ಟು ಸೇರಿಬಿಟ್ಟಿದೆ, ಗಾಡಿ ತನ್ನಿ, ಬಿಡಿಗಾಸೂ ತೆಗೆದುಕೊಳ್ಳದೆ ಬದಲಾಯಿಸಿಕೊಡುತ್ತೇವೆ’ ಎಂದು ಕರೆದರೆ ಮಾತ್ರ ನಮಗೆ ಇದ್ದಕ್ಕಿದ್ದಂತೆ ಕಿವುಡು.

ಕಂಪನಿ ಹೀಗೆ ಗಾಡಿಯನ್ನು ವಾಪಸ್ ಕರೆಯುವುದಕ್ಕೆ ರಿಕಾಲ್ ಎನ್ನುತ್ತಾರೆ. ಈ ಹೆಸರೆತ್ತಿದರೆ ನಮ್ಮ ಭಾವನವರ ಮುಖ ಹುಳಿಮಜ್ಜಿಗೆ ಕುಡಿದಂತಾಗುತ್ತದೆ.

ಭಾವನವರು ಸೆಕೆಂಡ್ ಹ್ಯಾಂಡ್ ಕಾರು ಕೊಂಡಾಗ ನಡೆದ ತಪಾಸಣೆಯನ್ನು ನೀವು ನೋಡಬೇಕಿತ್ತು. ಟೈರಿಗೆ ಒದ್ದರು. ನಾಲ್ಕೂ ಬಾಗಿಲು ತೆಗೆದು ಹಾಕಿ ಸದ್ದು ಆಲಿಸಿದರು. ಡಿಕ್ಕಿಯ ಮ್ಯಾಟ್ ಎತ್ತಿ ಮೂಸಿದರು. ಏನು ವಾಸನೆ ಬರಬೇಕಿತ್ತೋ ಅವರಿಗೇ ಗೊತ್ತು. ನಂಬರ್ ಪ್ಲೇಟಿನ ಅಂಕಿ ಕೂಡಿದರೆ ಎಂಟು ಬರುತ್ತದೆ ಎಂದು ಅಕ್ಕ ತಗಾದೆ ತೆಗೆದಾಗ, ಅದಕ್ಕೂ ಯಾರನ್ನೋ ಕೇಳಿ ಪರಿಹಾರ ತಂದರು. ಆಮೇಲೆ ಆರ್‌ಟಿಒ ಬ್ರೋಕರ್ ಬಂದ. ಮುಂದಿನ ಸೀಟಿನ ಬುಡದ ಹಾಸು ಸರಿಸಿ, ಲೋಹದಲ್ಲಿ ಕೆತ್ತಿದ್ದ ಚಾಸಿ ನಂಬರಿನ ಮೇಲೆ ತೆಳುಕಾಗದ ಇಟ್ಟು ಪೆನ್ಸಿಲ್ ಉಜ್ಜಿದ. ಬೂದು ಮಸಿಯ ನಡುವೆ ಬೆಳ್ಳಗೆ ಒಂದೊಂದೇ ಅಕ್ಷರ ಎದ್ದು ಬಂತು. ಭಾವ ಮಂಡಿಯೂರಿ ಟಾರ್ಚ್ ಹಿಡಿದಿದ್ದರು. ಆ ನಂಬರ್ ಅವರ ಮೂಗಿನ ಕೆಳಗೇ ಹಾದುಹೋಗಿ ಆರ್‌ಟಿಒ ಫೈಲಿನೊಳಗೆ ಮಲಗಿತು.

“ಭಾವ, ಗಾಡಿಗೆ ರಿಕಾಲ್ ಏನಾದರೂ ಬಾಕಿ ಇದೆಯಾ ನೋಡಿದಿರಾ?” ಎಂದೆ.

“ಬಿಡ್ತು ಅನ್ನು. ಪೂಜೆ ಆಗಿರೋ ಗಾಡಿ ಕಣಯ್ಯಾ ಅದು.”

ಅವರ ಪ್ರಕಾರ ರಿಕಾಲ್ ಬರುವುದು ಡಕೋಟ ಗಾಡಿಗೆ. ಒಳ್ಳೇ ಮನೆತನದ ಗಾಡಿಗೆ ಅಂಥದ್ದೆಲ್ಲ ಬರುವುದಿಲ್ಲ. ನೋಡಿದರೆ ಬರದ ಮನೆಯೇ ಇಲ್ಲ. 2021ರಲ್ಲಿ ರಾಯಲ್ ಎನ್‌ಫೀಲ್ಡ್ ಇಗ್ನಿಷನ್ ಕಾಯಿಲ್ ಸಲುವಾಗಿ 2,36,966 ಬೈಕುಗಳನ್ನು ವಾಪಸ್ ಕರೆಯಿತು. ಅದರಲ್ಲಿ ಬುಲೆಟ್ಟೂ ಇತ್ತು, ಕ್ಲಾಸಿಕ್ಕೂ ಇತ್ತು. ಬುಲೆಟ್ ಸವಾರರ ಮೀಸೆಗೆ ಅದರಿಂದ ಏನೂ ಧಕ್ಕೆಯಾದಂತೆ ಕಾಣಲಿಲ್ಲ.

ಕೆಲವು ರಿಕಾಲುಗಳಂತೂ ಓದಿದರೆ ನಗು ಬರುತ್ತದೆ. 2020ರಲ್ಲಿ ಮಾರುತಿಯವರು 40,453 ಈಕೋ ಗಾಡಿಗಳನ್ನು ಕರೆಸಿದ್ದು ಹೆಡ್‌ಲೈಟಿನ ಮೇಲೆ ಇರಬೇಕಾದ ಒಂದು ಗುರುತು ಬಿಟ್ಟುಹೋಗಿರಬಹುದು ಎಂಬ ಕಾರಣಕ್ಕೆ. ನಮ್ಮ ರಸ್ತೆಗಳಲ್ಲಿ ಹೆಡ್‌ಲೈಟೇ ಇಲ್ಲದ ಟ್ರ್ಯಾಕ್ಟರುಗಳು ಕಬ್ಬು ಹೇರಿಕೊಂಡು ನಡುರಾತ್ರಿ ಓಡಾಡುತ್ತಿರುತ್ತವೆ. ಅವಕ್ಕೆ ಯಾರೂ ಏನೂ ಅನ್ನುವುದಿಲ್ಲ. 2025ರ ನವೆಂಬರಿನಲ್ಲಿ ಮಾರುತಿಯದೇ 39,506 ಗ್ರಾಂಡ್ ವಿಟಾರಗಳಿಗೆ ಕರೆ ಹೋಯಿತು. ಟ್ಯಾಂಕಿನಲ್ಲಿ ಎಷ್ಟು ಪೆಟ್ರೋಲ್ ಇದೆ ಎಂಬುದನ್ನು ಮೀಟರು ಸರಿಯಾಗಿ ತೋರಿಸದಿರಬಹುದಂತೆ. ಈ ಗಾಡಿ ತಯಾರಾಗುವುದು ನಮ್ಮ ಬಿಡದಿಯ ಟೊಯೊಟಾ ಕಾರ್ಖಾನೆಯಲ್ಲೇ. ತಟ್ಟೆ ಇಡ್ಲಿ ತಿನ್ನಲು ಅಲ್ಲಿಗೆ ಹೋಗುವವರು ಹಾಗೆಯೇ ಗಾಡಿಯ ಮಾಹಿತಿಯನ್ನೂ ವಿಚಾರಿಸಬಹುದು ಎಂದುಕೊಳ್ಳಬೇಡಿ. ಅದಕ್ಕೆ ಶೋರೂಮಿಗೇ ಹೋಗಬೇಕು.

ಆದರೆ ನನ್ನ ಮೆಚ್ಚಿನ ರಿಕಾಲ್ ಮಾರುತಿಯವರ 2021ರ ಸೆಪ್ಟೆಂಬರಿನದು. ಸಿಯಾಜ್, ಎರ್ಟಿಗಾ, ಬ್ರೆಜಾ ಮುಂತಾದ 1,81,754 ಪೆಟ್ರೋಲ್ ಗಾಡಿಗಳ ಮೋಟಾರ್ ಜನರೇಟರ್ ಯೂನಿಟ್ ಪರೀಕ್ಷಿಸಬೇಕಿತ್ತು. ಅದಾಗುವವರೆಗೆ ನೀರು ನಿಂತ ಕಡೆ ಗಾಡಿ ಓಡಿಸಬೇಡಿ, ಕರೆಂಟಿನ ಭಾಗಗಳ ಮೇಲೆ ನೇರವಾಗಿ ನೀರು ಹಾರಿಸಬೇಡಿ ಎಂದು ಕಂಪನಿ ಕೇಳಿಕೊಂಡಿತು. ಸೆಪ್ಟೆಂಬರಿನಲ್ಲಿ! ಬೆಂಗಳೂರಿನವನಿಗೆ! ನೀರು ನಿಂತ ಕಡೆ ಬಿಟ್ಟು ಓಡಿಸು ಎಂದರೆ ಅವನು ಗಾಡಿಯನ್ನು ಮೂರನೇ ಮಹಡಿಯ ಬಾಲ್ಕನಿಯಲ್ಲಿ ಓಡಿಸಬೇಕು. ಮೇಲಾಗಿ ಮುಂದಿನ ತಿಂಗಳು ಆಯುಧಪೂಜೆ. ಬಾನೆಟ್ ಎತ್ತಿ ಪೈಪು ಹಿಡಿದು ಇಂಜಿನ್ನಿಗೆ ಅಭ್ಯಂಜನ ಮಾಡಿಸದೆ ಕುಂಬಳಕಾಯಿ ಒಡೆಯುವ ಗಂಡಸು ಈ ನಾಡಿನಲ್ಲಿದ್ದಾನೆಯೇ?

ನಗುವ ಹಾಗಿಲ್ಲದ್ದೂ ಇದೆ. ಟಕಾಟಾ ಎಂಬ ಜಪಾನಿನ ಕಂಪನಿ ಮಾಡಿದ ಏರ್‌ಬ್ಯಾಗುಗಳ ಕಥೆ ಅಂಥದ್ದು. ಚೀಲ ಕಣ್ಣುಮಿಟುಕಿಸುವಷ್ಟರಲ್ಲಿ ಉಬ್ಬಬೇಕಲ್ಲ, ಅದಕ್ಕೆ ಒಳಗೊಂದು ಲೋಹದ ಡಬ್ಬಿ, ಅದರಲ್ಲಿ ಅಮೋನಿಯಂ ನೈಟ್ರೇಟ್. ವರ್ಷಗಟ್ಟಲೆ ಸೆಕೆ, ತೇವ ಕುಡಿದು ಆ ಮದ್ದು ಹಾಳಾಗಿ, ಅಪಘಾತದ ಹೊತ್ತಿಗೆ ಅಳತೆ ಮೀರಿ ಸಿಡಿದು, ಡಬ್ಬಿಯೇ ಚೂರುಚೂರಾಗಿ ಕೂತವರ ಕುತ್ತಿಗೆಗೆ ನುಗ್ಗುತ್ತಿತ್ತು. ಕಾಪಾಡಬೇಕಾದ ಚೀಲದಿಂದಲೇ ಜನ ಸತ್ತರು. ಅಮೆರಿಕವೊಂದರಲ್ಲೇ ಇಂಥ ಸುಮಾರು 6.7 ಕೋಟಿ ಇನ್‌ಫ್ಲೇಟರುಗಳಿಗೆ ರಿಕಾಲ್ ಬಂತು. 2017ರಲ್ಲಿ ಕಂಪನಿ ದಿವಾಳಿ ಎದ್ದಿತು. ನಮ್ಮಲ್ಲೂ ಹೋಂಡಾದವರು 2018ರ ಜನವರಿಯಲ್ಲಿ 22,834 ಅಕಾರ್ಡ್, ಸಿಟಿ, ಜಾಝ್ ಕಾರುಗಳನ್ನು ಇದಕ್ಕಾಗಿಯೇ ಕರೆಸಿದರು. ಸೆಕೆ ಮತ್ತು ತೇವ ಎಂದಾಗ ಮಂಗಳೂರು, ಕಾರವಾರದ ಕಡೆಯ ಓದುಗರು ಒಮ್ಮೆ ಹುಬ್ಬೇರಿಸಿದರೆ ನಾನು ಬೇಡ ಎನ್ನುವುದಿಲ್ಲ.

ನಮ್ಮ ದೇಶದಲ್ಲಿ ಮೊದಲು ರಿಕಾಲ್ ಎಂಬುದು ಕಂಪನಿಗಳ ಮನಸ್ಸಿಗೆ ಬಿಟ್ಟ ವಿಷಯವಾಗಿತ್ತು. 2012ರಲ್ಲಿ ತಯಾರಕರ ಸಂಘವಾದ ಸಿಯಾಮ್ ತನಗೆ ತಾನೇ ಒಂದು ಕಟ್ಟಳೆ ಮಾಡಿಕೊಂಡಿತು. 2019ರಲ್ಲಿ ಮೋಟಾರು ವಾಹನ ಕಾಯಿದೆಗೆ ತಿದ್ದುಪಡಿ ಬಂದು, 2021ರ ಏಪ್ರಿಲ್ 1ರಿಂದ ಸರ್ಕಾರವೇ ಕಡ್ಡಾಯ ಮಾಡಬಹುದಾಯಿತು. ಏಳು ವರ್ಷದೊಳಗಿನ ಗಾಡಿಗೆ ಇದು ಅನ್ವಯ. ಕಂಪನಿಗೆ ದಂಡ ಹತ್ತು ಲಕ್ಷದಿಂದ ಒಂದು ಕೋಟಿಯವರೆಗೆ. ಸರಿ, ಕಂಪನಿಯನ್ನು ಕಟ್ಟಿಹಾಕಿದ್ದಾಯಿತು. ಮಾಲೀಕನನ್ನು ಎಬ್ಬಿಸುವ ಕಾಯಿದೆ ಎಲ್ಲಿಂದ ತರುವುದು?

ಗಾಡಿಗೆ ರಿಕಾಲ್ ಬಂದಿದೆಯೇ ಎಂದು ನೋಡುವುದೇನೂ ಕಷ್ಟವಲ್ಲ. ಆರ್‌ಸಿಯಲ್ಲಿ, ಇನ್ಶೂರೆನ್ಸ್ ಪಾಲಿಸಿಯಲ್ಲಿ ಹದಿನೇಳು ಅಕ್ಷರದ ಚಾಸಿ ನಂಬರ್ ಇರುತ್ತದೆ. ಕಂಪನಿಯ ವೆಬ್‌ಸೈಟಿಗೆ ಹೋಗಿ ಅದನ್ನು ಹಾಕಿದರೆ ಬಾಕಿ ಇದೆಯೋ ಇಲ್ಲವೋ ತಿಳಿಯುತ್ತದೆ. ಅದೂ ಬೇಡವೆಂದರೆ ಶೋರೂಮಿಗೆ ಫೋನು ಮಾಡಿ ನಂಬರ್ ಓದಿದರೆ ಸಾಕು. ಅಮೆರಿಕದಲ್ಲಿರುವ ನಮ್ಮವರಿಗೆ ಇನ್ನೂ ಸಲೀಸು. ಎನ್‌ಎಚ್‌ಟಿಎಸ್‌ಎ ಎಂಬ ಸರ್ಕಾರಿ ಸಂಸ್ಥೆಯ ತಾಣ ಒಂದರಲ್ಲೇ ಬಹುತೇಕ ಎಲ್ಲ ಕಂಪನಿಗಳ ಗಾಡಿಯ ಮಾಹಿತಿಯೂ ಸಿಗುತ್ತದೆ, ಹದಿನೈದು ವರ್ಷದವರೆಗೆ ರಿಪೇರಿ ಪುಕ್ಕಟೆ. ನಮಗೆ ಅವರವರ ಕಂಪನಿಯ ಬಾಗಿಲೇ ಗತಿ.

ಚಾಸಿ ನಂಬರ್ ಎಂದರೇನು ಎಂದು ಮುಗ್ಧರಂತೆ ಕೇಳಬೇಡಿ. 2023ರಲ್ಲಿ ಸರ್ಕಾರ ಹಳೇ ಗಾಡಿಗಳಿಗೆಲ್ಲ ಎಚ್‌ಎಸ್‌ಆರ್‌ಪಿ ಎಂಬ ಹೊಸ ನಂಬರ್ ಪ್ಲೇಟ್ ಹಾಕಿಸಿ ಎಂದಾಗ, ಗಡುವು ಮುಂದೆ ಹೋದಷ್ಟೂ ಮುಂದೆ ಹೋಗಿ ಕೊನೆಗೆ ಇದೇ ನಂಬರ್ ಟೈಪು ಮಾಡಿದವರು ನೀವೇ ತಾನೆ? ಅದನ್ನು ಬುಕ್ ಮಾಡಲು ತೋರಿಸಿದ ತಾಣಗಳಲ್ಲಿ ಒಂದು ಇದೇ ಸಿಯಾಮಿನದು. ಯಾವ ಕಂಪನಿ ಯಾವ ಗಾಡಿಯನ್ನು ವಾಪಸ್ ಕರೆದಿದೆ ಎಂಬ ಪಟ್ಟಿಯೂ ಅಲ್ಲೇ ಇದೆ. ದೇವಸ್ಥಾನದವರೆಗೆ ಹೋಗಿ, ಪ್ರಸಾದ ಮಾತ್ರ ತಿಂದು, ದೇವರಿಗೆ ಕೈಮುಗಿಯದೆ ವಾಪಸ್ ಬಂದಿರಿ.

ಕಡೆಗೆ ಭಾವನವರನ್ನು ಹಿಡಿದು ಕೂರಿಸಿದೆ. ಆರ್‌ಸಿ ಕಾರ್ಡಿನ ಅಕ್ಷರ ಸಾಸಿವೆಯಷ್ಟು. ಕನ್ನಡಕ ಹಣೆಗೇರಿಸಿ ಅವರು ಓದಿದರು, ನಾನು ಒತ್ತಿದೆ. ತಪ್ಪು ನಂಬರ್ ಎಂದಿತು. ಮತ್ತೆ ಓದಿದರು, ಮತ್ತೆ ತಪ್ಪು. ಚಾಸಿ ನಂಬರಿನಲ್ಲಿ ಐ, ಓ, ಕ್ಯೂ ಅಕ್ಷರಗಳು ಬರುವುದೇ ಇಲ್ಲ. ಒಂದು, ಸೊನ್ನೆಗಳ ಜೊತೆ ಗೊಂದಲವಾಗದಿರಲೆಂದು ಕೈಬಿಟ್ಟಿದ್ದಾರೆ. ಭಾವ ಸೊನ್ನೆ ಕಂಡಲ್ಲೆಲ್ಲ ಗಂಟಲು ತುಂಬ “ಓ” ಎನ್ನುತ್ತಿದ್ದರು.

ಬಾಕಿ ಇತ್ತು. ಪೂಜೆ ಆಗಿರೋ ಗಾಡಿ.

ಹಳೇ ಮಾಲೀಕರಿಗೆ ಫೋನು ಮಾಡಿದರೆ ಆ ಪುಣ್ಯಾತ್ಮರು, “ಹೌದು ಸಾರ್, ಯಾರೋ ಫೋನ್ ಮಾಡೋರು, ಫ್ರೀಯಾಗಿ ಪಾರ್ಟ್ ಹಾಕಿಕೊಡ್ತೀವಿ ಅಂತ. ಫ್ರೀ ಅಂದ ಮೇಲೆ ಮೋಸವೇ ಇರಬೇಕು ಅಂತ ಬ್ಲಾಕ್ ಮಾಡಿದೆ” ಎಂದರು. ಅಪರಿಚಿತರು ಓಟಿಪಿ ಕೇಳಿದರೆ ಕೊಡುವ ಕಾಲದಲ್ಲಿ ಇಂಥ ಜಾಗರೂಕರೂ ಇದ್ದಾರೆ.

ಸರ್ವಿಸ್ ಸೆಂಟರಿಗೆ ಹೋಗುವಾಗ ಭಾವನವರಿಗೆ ಇನ್ನೊಂದು ದಿಗಿಲು. ಅವರು ಪುಕ್ಕಟೆ ಪಾರ್ಟು ಹಾಕುವ ನೆವದಲ್ಲಿ ಬಾನೆಟ್ ತೆಗೆದು, “ಸಾರ್, ಬ್ರೇಕ್ ಪ್ಯಾಡ್ ಹೋಗಿದೆ, ಬೆಲ್ಟ್ ಬಿರುಕು ಬಿಟ್ಟಿದೆ, ಏಸಿಯಲ್ಲಿ ಇಲಿ ಸಂಸಾರ ಹೂಡಿದೆ” ಎಂದು ಪಟ್ಟಿ ಕೊಟ್ಟರೆ? ಕೊಟ್ಟರು. ವೈಪರ್ ಬ್ಲೇಡ್ ಒಂದಕ್ಕೆ ಒಪ್ಪಿ, ಉಳಿದದ್ದಕ್ಕೆ “ಮನೇಲಿ ಕೇಳಿ ಹೇಳ್ತೀನಿ” ಎಂದು ಭಾವ ಪಾರಾದರು. ರಿಕಾಲ್ ಕೆಲಸದ ಬಿಲ್ಲಿನಲ್ಲಿ ಸೊನ್ನೆ. ಅದನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡು ಬಂದ ಗಳಿಗೆಯಿಂದ ಅವರು ಬೇರೆಯೇ ಮನುಷ್ಯ.

ಈಗ ಯಾರು ಸಿಕ್ಕರೂ ಮೊದಲು ಆರ್‌ಸಿ ಕೇಳುತ್ತಾರೆ. ಮೊನ್ನೆ ಬೀಗರೂಟದಲ್ಲಿ ಬಾಳೆಲೆಯ ಮೇಲೆ ಹೋಳಿಗೆ ಬಿದ್ದಿದೆ, ತುಪ್ಪ ಬರುತ್ತಿದೆ, ಇವರು ಬೀಗರ ಕಡೆ ವಾಲಿ, “ನಿಮ್ಮ ಗಾಡಿ ಚಾಸಿ ನಂಬರ್ ಸ್ವಲ್ಪ ಕೊಡಿ” ಎಂದರು. ಅಕ್ಕ ಕಣ್ಣು ಕೆಂಪು ಮಾಡಿದಳು. ಬೀಗರು ಸಂಕೋಚಪಡುತ್ತ ಎಡಗೈಯಲ್ಲೇ ಪರ್ಸು ತೆಗೆದು ಕಾರ್ಡು ದಾಟಿಸಿದರು. ಭಾವ ಅದನ್ನು ತಿರುಗಿಸಿ ಮುರುಗಿಸಿ, “ಇದರಲ್ಲಿ ಬೇರೆ ಯಾರದೋ ಹೆಸರಿದೆಯಲ್ಲಾ?” ಎಂದರು. ಬೀಗರು ಹೋಳಿಗೆ ಮುರಿಯುತ್ತ, “ಗಾಡಿ ಮಾರಿದವರದ್ದು. ನನ್ನ ಹೆಸರಿಗೆ ಇನ್ನೂ ಮಾಡಿಸಿಲ್ಲ. ಅವಸರ ಏನಿದೆ, ಕಾಗದ ಪತ್ರ ಏನೇ ಬಂದರೂ ಅವರಿಗೇ ಹೋಗುತ್ತಲ್ಲ” ಎಂದರು.