ಬೀಗದಕೈ ಇರುವ ಅಲೆಮಾರಿಗಳು

ಡಿಸೆಂಬರ್ ಬಂತೆಂದರೆ ಅಮೆರಿಕದ ಸಂಸಾರಸ್ಥರಿಗೆ ವಾರ್ಷಿಕ ವರದಿ ಬರೆಯುವ ಹುಕಿ ಹತ್ತುತ್ತದೆ. ಕ್ರಿಸ್‌ಮಸ್ ಕಾರ್ಡಿನೊಳಗೆ ಒಂದು ಪುಟದ ಕಾಗದ ಮಡಿಸಿಟ್ಟು ಬಂಧುಬಳಗಕ್ಕೆಲ್ಲ ಕಳಿಸುತ್ತಾರೆ. ಮಗಳಿಗೆ ಬಡ್ತಿ ಸಿಕ್ಕಿತು, ಮೊಮ್ಮಗ ಈಜು ಕಲಿತ, ನಾಯಿಗೆ ಕಣ್ಣಿನ ಆಪರೇಷನ್ ಆಯಿತು, ನಾವು ಅಲಾಸ್ಕಾ ನೋಡಿ ಬಂದೆವು. ಇಷ್ಟಂತೂ ಇದ್ದೇ ಇರುತ್ತದೆ. ಯಾರ ಮಗನಾದರೂ ಪರೀಕ್ಷೆಯಲ್ಲಿ ಡುಮ್ಕಿ ಹೊಡೆದದ್ದನ್ನು ಮಾತ್ರ ಈ ಕಾಗದಗಳಲ್ಲಿ ನಾನು ಓದಿಲ್ಲ. ಒಹಾಯೋದ ನಮ್ಮ ಬೀದಿಯವರ ವರದಿಗಳನ್ನೆಲ್ಲ ದಶಕಗಳಿಂದ ಓದುತ್ತ ಬಂದರೂ ನಾನಾಗಿ ಒಂದನ್ನೂ ಬರೆದವಳಲ್ಲ. ಈ ಸಲ ಬರೆಯದೆ ವಿಧಿಯಿಲ್ಲ. ನಮ್ಮಿಬ್ಬರ ಬಗ್ಗೆ ಎರಡು ಖಂಡಗಳಲ್ಲಿ ವದಂತಿ ಹಬ್ಬಿದೆ.

ಆ ವದಂತಿಯ ಪ್ರಕಾರ ನಮ್ಮವರಿಗೆ ಕೆಲಸ ಹೋಗಿದೆ, ಮನೆ ಬ್ಯಾಂಕಿನ ಪಾಲಾಗಿದೆ, ಗಂಡಹೆಂಡಿರಿಬ್ಬರೂ ರಾತ್ರಿ ವ್ಯಾನಿನಲ್ಲಿ ಮಲಗುತ್ತೇವೆ, ಹಗಲು ಕಟ್ಟಡದ ಕೂಲಿಗೆ ಹೋಗುತ್ತೇವೆ. ಕೊನೆಯವೆರಡು ನಿಜ. ಕೂಲಿ ಮಾತ್ರ ಕೊಡುವುದಿಲ್ಲ.

ನಡೆದದ್ದು ಇಷ್ಟು. ನಮ್ಮವರು ರಿಟೈರಾದರು. ಮಕ್ಕಳು ತಮ್ಮ ತಮ್ಮ ದಾರಿ ಹಿಡಿದಿದ್ದರು. ನಾಲ್ಕು ಬೆಡ್‌ರೂಮಿನ ಮನೆಯಲ್ಲಿ ನಾವಿಬ್ಬರು ಒಬ್ಬರನ್ನೊಬ್ಬರು ಹುಡುಕಲು ಫೋನ್ ಮಾಡುವ ಸ್ಥಿತಿಗೆ ಬಂದಿದ್ದೆವು. ಆ ಮನೆಯನ್ನು ಒಂದು ಎಳೆ ಸಂಸಾರಕ್ಕೆ ಬಾಡಿಗೆಗೆ ಕೊಟ್ಟು, 21 ಅಡಿ ಉದ್ದದ ವ್ಯಾನ್ ಕೊಂಡು ಹೊರಟುಬಿಟ್ಟೆವು. ಈಗ ಹುಡುಕುವ ಪ್ರಶ್ನೆಯೇ ಇಲ್ಲ. ಒಬ್ಬರು ಮೈಮುರಿದರೆ ಇನ್ನೊಬ್ಬರ ಕನ್ನಡಕ ಕೆಳಗೆ ಬೀಳುತ್ತದೆ.

ಬರಿಯ ಊರು ನೋಡುವುದಕ್ಕಾದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ನಾವು ಸೇರಿಕೊಂಡದ್ದು ಬಡವರಿಗೆ ಮನೆ ಕಟ್ಟುವ ಹ್ಯಾಬಿಟ್ಯಾಟ್ ಫಾರ್ ಹ್ಯುಮಾನಿಟಿ ಸಂಸ್ಥೆಯ ‘ಕೇರ್-ಎ-ವ್ಯಾನರ್ಸ್’ ದಂಡಿಗೆ. ಇದರಲ್ಲಿ ಇರುವವರೆಲ್ಲ ಮನೆಯನ್ನು ಗಾಲಿಯ ಮೇಲೆ ಇಟ್ಟುಕೊಂಡವರೇ. ಯಾವುದೋ ಊರಿನಲ್ಲಿ ಮನೆ ಏಳುತ್ತಿದೆಯೆಂದರೆ ತಮ್ಮ ಖರ್ಚಿನಲ್ಲಿ ಅಲ್ಲಿಗೆ ಓಡಿಸಿಕೊಂಡು ಹೋಗಿ, ಸಾಮಾನ್ಯವಾಗಿ ಎರಡು ವಾರ ನಿಂತು, ಸುತ್ತಿಗೆ ಹಿಡಿಯುತ್ತಾರೆ. ಊರಿನ ಶಾಖೆಯವರು ವ್ಯಾನ್ ನಿಲ್ಲಿಸಲು ಜಾಗ, ನೀರು, ಕರೆಂಟು ಒದಗಿಸುತ್ತಾರೆ. ಮುಂದಿನದು ಸುತ್ತಿಗೆಗೂ ನಮ್ಮ ಹೆಬ್ಬೆರಳಿಗೂ ಬಿಟ್ಟ ವಿಷಯ.

ಈ ಸಂಸ್ಥೆ ಹುಟ್ಟಿದ ಕತೆ ನನಗೆ ಬಹಳ ಪ್ರಿಯ, ಏಕೆಂದರೆ ಅದರ ಮೂಲದಲ್ಲಿ ಒಬ್ಬ ಹೆಂಡತಿಯ ಮುನಿಸಿದೆ. ಅಲಬಾಮಾದ ಮಿಲರ್ಡ್ ಫುಲ್ಲರ್ ಎಂಬ ವಕೀಲ ವ್ಯಾಪಾರಕ್ಕಿಳಿದು, ಅಡುಗೆ ಪುಸ್ತಕ ಗಿಸ್ತಕ ಮಾರಿ, ಮೂವತ್ತು ತುಂಬುವುದರೊಳಗೆ ಮಿಲಿಯಾಧೀಶನಾದ. ದುಡ್ಡು ಎಣಿಸುವ ಭರದಲ್ಲಿ ಮನೆಯಲ್ಲಿ ಹೆಂಡತಿ ಇದ್ದಾಳೆಂಬುದನ್ನೇ ಮರೆತ. 1965ರಲ್ಲಿ ಲಿಂಡಾ ಅವನನ್ನು ಬಿಟ್ಟು ನ್ಯೂಯಾರ್ಕಿಗೆ ಹೊರಟುಹೋದಳು. ಈತ ಬೆನ್ನಟ್ಟಿ ಹೋಗಿ ಕೈಕಾಲು ಹಿಡಿದ. ರಾಜಿಯಾದದ್ದು ಎಂಥ ಷರತ್ತಿನ ಮೇಲೆ? ಇದ್ದ ಆಸ್ತಿಯನ್ನೆಲ್ಲ ಮಾರಿ ಹಂಚಿಬಿಡುವುದು! ಹಂಚಿ ಕೈ ತೊಳೆದುಕೊಂಡ ದಂಪತಿ ಜಾರ್ಜಿಯಾದ ಅಮೆರಿಕಸ್ ಎಂಬ ಊರಿನ ಹತ್ತಿರದ ಕೊಯ್ನೋನಿಯಾ ತೋಟಕ್ಕೆ ಬಂದರು. ಕ್ಲಾರೆನ್ಸ್ ಜೋರ್ಡನ್ ಮತ್ತು ಸಂಗಡಿಗರು 1942ರಲ್ಲಿ ಶುರುಮಾಡಿದ್ದ ತೋಟ ಅದು. ಕರಿಯರೂ ಬಿಳಿಯರೂ ಅಲ್ಲಿ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿದ್ದರು. ಅದನ್ನು ಸಹಿಸದ ಸುತ್ತಲಿನವರು ಇವರ ಸರಕಿಗೆ ಬಹಿಷ್ಕಾರ ಹಾಕಿದರು. ತೋಟದವರು ಪೀಕನ್ ಕಾಯಿಗಳನ್ನು ಅಂಚೆಯಲ್ಲಿ ದೂರದೂರಿಗೆ ಮಾರಿ ಬದುಕಿದರು. ಬಡವರಿಗೆ ಲಾಭವಿಲ್ಲದೆ ಮನೆ ಕಟ್ಟಿ, ಕಂತಿನಲ್ಲಿ ಹಣ ತೀರಿಸಿಕೊಂಡು, ಆ ಹಣದಿಂದ ಮತ್ತೊಬ್ಬರ ಮನೆ ಕಟ್ಟುವ ಯೋಚನೆ ಮೊಳೆತದ್ದು ಅಲ್ಲೇ. ಫುಲ್ಲರ್ ದಂಪತಿ 1976ರಲ್ಲಿ ಹ್ಯಾಬಿಟ್ಯಾಟ್ ಸ್ಥಾಪಿಸಿದರು.

ಅಮೆರಿಕಸ್‌ನಲ್ಲಿ ವ್ಯಾನ್ ನಿಲ್ಲಿಸಿಕೊಂಡು ಈ ಕತೆಯನ್ನು ನಮ್ಮವರಿಗೆ ವಿಸ್ತಾರವಾಗಿ ಹೇಳಿದೆ. “ನೋಡಿದ್ರಾ, ಒಬ್ಬ ಹೆಂಗಸು ಕೋಪ ಮಾಡಿಕೊಂಡಿದ್ದಕ್ಕೆ ಎಷ್ಟು ಜನಕ್ಕೆ ಮನೆ ಆಯ್ತು” ಎಂದೆ. ಅವರು ಮ್ಯಾಪಿನಿಂದ ತಲೆಯೆತ್ತದೆ, “ನೀನು ಮಾಡಿಕೊಂಡ ಕೋಪಗಳಿಗೆ ಲೆಕ್ಕ ಹಾಕಿದ್ರೆ ಒಂದು ಬಡಾವಣೆಯೇ ಎದ್ದಿರಬೇಕಿತ್ತು ಕಣೇ” ಎಂದರು.

ಅಮೆರಿಕಸ್‌ನ ಪಕ್ಕದಲ್ಲೇ ಪ್ಲೇನ್ಸ್, ಜಿಮ್ಮಿ ಕಾರ್ಟರರ ಊರು. ಅಧ್ಯಕ್ಷಗಿರಿ ಮುಗಿದ ಮೇಲೆ 1984ರಲ್ಲಿ ಅವರೂ ಪತ್ನಿ ರೋಸಲಿನ್ ಅವರೂ ಹ್ಯಾಬಿಟ್ಯಾಟ್‌ನ ಸುತ್ತಿಗೆ ಹಿಡಿದರು. ಆಮೇಲೆ ವರ್ಷವರ್ಷವೂ ಹಿಡಿದರು. 2006ರಲ್ಲಿ ನಮ್ಮ ಲೋಣಾವಳದ ಹತ್ತಿರವೂ ಬಂದು ಮನೆ ಕಟ್ಟಿಹೋದರು. 2019ರ ಅಕ್ಟೋಬರಿನಲ್ಲಿ, 95ನೆಯ ಹುಟ್ಟುಹಬ್ಬ ಆಗಿ ವಾರ ಕಳೆದಿರಲಿಲ್ಲ, ಮನೆಯಲ್ಲಿ ಬಿದ್ದು ಹುಬ್ಬಿನ ಮೇಲೆ 14 ಹೊಲಿಗೆ ಹಾಕಿಸಿಕೊಂಡರು. ಆ ಊದಿದ ಕಪ್ಪು ಕಣ್ಣಿನಲ್ಲೇ ನ್ಯಾಶ್‌ವಿಲ್‌ಗೆ ಹೋಗಿ ಕೆಲಸಕ್ಕೆ ನಿಂತರು. ಇದರ ದುಷ್ಪರಿಣಾಮವನ್ನು ನಾವು ಇಂದಿಗೂ ಅನುಭವಿಸುತ್ತಿದ್ದೇವೆ. ಸೈಟಿನಲ್ಲಿ ಯಾರೊಬ್ಬರೂ ಬೆನ್ನುನೋವು ಎನ್ನುವಂತಿಲ್ಲ. ಎಂದರೆ ಸಾಕು, ಯಾರಾದರೊಬ್ಬರು ಮೊಬೈಲಿನಲ್ಲಿ ಕಾರ್ಟರರ ಆ ಫೋಟೊ ತೆಗೆದು ಮುಖಕ್ಕೆ ಹಿಡಿಯುತ್ತಾರೆ.

ವ್ಯಾನಿನ ಸಂಸಾರದ ಸುಖದುಃಖಗಳಲ್ಲಿ ಮೊದಲನೆಯದು ಕರೆಂಟು. ನಮಗೆ ಸಿಗುವುದು 30 ಆಂಪಿಯರ್. ಹೀಟರ್ ಹಾಕಿ, ಇಂಡಕ್ಷನ್ ಒಲೆ ಹಚ್ಚಿ, ಮೇಲೊಂದು ಮಿಕ್ಸಿ ತಿರುಗಿಸಿದರೆ ಬ್ರೇಕರ್ ಬಿದ್ದು ಕತ್ತಲು. ಜನವರಿಯ ಬೆಳಗಿನಲ್ಲಿ ಬೆಚ್ಚಗಿರುವುದೋ ಚಟ್ನಿ ತಿನ್ನುವುದೋ ಎಂಬುದನ್ನು ದಿನವೂ ಮತಕ್ಕೆ ಹಾಕಬೇಕು. ಮತದಾರರು ಇಬ್ಬರೇ ಆದ್ದರಿಂದ ಫಲಿತಾಂಶ ಸಮಸಮ. ಆಗ ಮಿಕ್ಸಿ ಯಾರ ಕೈಯಲ್ಲಿದೆಯೋ ಅವರ ಪಕ್ಷ ಗೆಲ್ಲುತ್ತದೆ.

ಎರಡನೆಯದು ಒಗ್ಗರಣೆ. ಒಲೆಗೂ ಹೊಗೆ ಅಲಾರಮ್ಮಿಗೂ ಎರಡೇ ಅಡಿ ಅಂತರ. ಸಾಸಿವೆ ಸಿಡಿಯುವ ಮೊದಲೇ ಅದು ಬಾಯಿ ಬಡಿದುಕೊಳ್ಳುತ್ತದೆ. ಹಾಗಾಗಿ ನಮ್ಮ ಒಗ್ಗರಣೆ ಬಯಲಿಗೆ ಬಂತು. ಅಲಬಾಮಾದ ಒಂದು ಪಾರ್ಕಿನಲ್ಲಿ ನಾನು ಎಣ್ಣೆಗೆ ಇಂಗು ಹಾಕಿದ್ದೇ ತಡ, ಅಕ್ಕಪಕ್ಕದ ವ್ಯಾನಿನವರು ಗ್ಯಾಸ್ ಸೋರುತ್ತಿದೆಯೆಂದು ಹೊರಗೆ ಓಡಿಬಂದು ತಮ್ಮ ತಮ್ಮ ಸಿಲಿಂಡರ್ ಮೂಸಿ ನೋಡಿಕೊಂಡರು. ಮಾರನೆಯ ದಿನ ಅವರೇ ತಟ್ಟೆ ಹಿಡಿದು ಬಂದರು.

ಮೂರನೆಯದನ್ನು ಊಟದ ಹೊತ್ತಿನಲ್ಲಿ ಓದುವವರು ದಾಟಿಕೊಳ್ಳಬಹುದು. ವ್ಯಾನಿನ ಹೊಟ್ಟೆಯಡಿ ಎರಡು ಟ್ಯಾಂಕು. ಪಾತ್ರೆ ತೊಳೆದ, ಸ್ನಾನ ಮಾಡಿದ ನೀರಿಗೊಂದು, ಇನ್ನೊಂದಕ್ಕೊಂದು. ಆಗಾಗ ದಪ್ಪ ಪೈಪು ಜೋಡಿಸಿ ಎರಡನ್ನೂ ಖಾಲಿ ಮಾಡಬೇಕು. ಅಮ್ಮನ ಮನೆಯಲ್ಲಿ ತಾವು ಕುಡಿದ ಲೋಟವನ್ನೂ ಎತ್ತಿಡದೆ ಬೆಳೆದ ನಮ್ಮವರು ಈಗ ಮೊಣಕೈವರೆಗೆ ಗ್ಲೌಸು ತೊಟ್ಟು, “ಮೊದಲು ಕೊಳಕಿನದು, ಆಮೇಲೆ ಸೋಪಿನ ನೀರಿನದು, ಆಗ ಪೈಪು ತಾನೇ ತೊಳೆದುಕೊಳ್ಳುತ್ತೆ” ಎಂದು ಹೊಸಬರಿಗೆ ಪಾಠ ಹೇಳುತ್ತಾರೆ. ಅತ್ತೆಯವರು ಇದನ್ನು ನೋಡಲು ಇಲ್ಲದಿರುವುದು ಅವರ ಪುಣ್ಯವೋ ನನ್ನ ದುರದೃಷ್ಟವೋ ತಿಳಿಯದು.

ನಮ್ಮವರ ಹೆಮ್ಮೆಗೆ ಇನ್ನೊಂದು ಕಾರಣ ರಾಷ್ಟ್ರೀಯ ಉದ್ಯಾನಗಳ ಸೀನಿಯರ್ ಪಾಸು. 62 ದಾಟಿದ ಇಲ್ಲಿನ ನಾಗರಿಕರಿಗೆ, ಖಾಯಂ ನಿವಾಸಿಗಳಿಗೆ 80 ಡಾಲರಿಗೆ ಆಜೀವ ಪ್ರವೇಶ. ಅದನ್ನು ಪರ್ಸಿನಲ್ಲಿ ಮೊಮ್ಮಕ್ಕಳ ಫೋಟೊಕ್ಕಿಂತ ಮುಂದೆ ಇಟ್ಟುಕೊಂಡಿದ್ದಾರೆ. ಆದರೆ 2017ರವರೆಗೆ ಅದರ ಬೆಲೆ ಹತ್ತೇ ಡಾಲರ್ ಇತ್ತೆಂಬ ಸಂಗತಿ ಅವರ ಎದೆಯಲ್ಲಿ ಮುಳ್ಳಾಗಿ ಉಳಿದಿದೆ. ಯೌವನವನ್ನು ಅವರು ಶಪಿಸಿದ್ದು ಅದೊಂದೇ ಸಲ.

ಇನ್ನು ಕೆಲಸದ ಜಾಗ. ಬೆಳಗ್ಗೆ ಎಲ್ಲರೂ ಸುತ್ತ ನಿಲ್ಲಬೇಕು. ಒಂದು ಪುಟ್ಟ ಪ್ರಾರ್ಥನೆ, ಆಮೇಲೆ ಏಣಿಯಿಂದ ಹೇಗೆ ಬೀಳಬಾರದೆಂಬ ಉಪದೇಶ. ಸುತ್ತಿಗೆ ಹಿಡಿದವರಲ್ಲಿ ಒಬ್ಬರು ಹಲ್ಲಿನ ಡಾಕ್ಟರಾಗಿದ್ದವರು, ಒಬ್ಬರು ವಿಮಾನ ಹಾರಿಸುತ್ತಿದ್ದವರು, ಒಬ್ಬರು ಶಾಲೆಯ ಪ್ರಿನ್ಸಿಪಾಲರು. ಎಲ್ಲರ ಮೇಲೆ ಸೂಪರ್‌ವೈಸರ್ ಆಗಿ ಮೂವತ್ತರ ಆಸುಪಾಸಿನ ಒಬ್ಬ ಹುಡುಗಿ. ಸಾವಿರಾರು ಮಕ್ಕಳನ್ನು ಗದರಿದ್ದ ಪ್ರಿನ್ಸಿಪಾಲರು ಅವಳ ಮುಂದೆ ಕೈಯೆತ್ತಿ ನಿಂತು ಡೌಟು ಕೇಳುತ್ತಾರೆ. ವಿಮಾನದವರಿಗೆ ಏಣಿ ಹತ್ತಿದರೆ ತಲೆಸುತ್ತು. ಹಲ್ಲಿನ ಡಾಕ್ಟರಿಗೆ ಮೊಳೆ ಹೊಡೆಯುವುದಕ್ಕಿಂತ ಕೀಳುವುದರಲ್ಲಿ ಕೈಪಳಗಿದೆ. ಕೀಳುವಾಗ ಮರಕ್ಕೆ ಒಂದಿಷ್ಟೂ ನೋವಾಗುವುದಿಲ್ಲ.

ಇಲ್ಲಿಯ ಮನೆಯ ಎಲುಬುಗೂಡೆಲ್ಲ ಮರ. ‘ಟೂ ಬೈ ಫೋರ್’ ಎನ್ನುವ ರೀಪು ಅಳೆದರೆ ಒಂದೂವರೆಗೆ ಮೂರೂವರೆ ಇಂಚು. ಮರ ಒಣಗಿ, ಹೆರೆಸಿಕೊಂಡ ಮೇಲೆ ಉಳಿಯುವುದೇ ಅಷ್ಟು. ಗೋಡೆಯ ಚೌಕಟ್ಟನ್ನು ನೆಲದ ಮೇಲೆ ಮಲಗಿಸಿ ಜೋಡಿಸಿ, ಆಮೇಲೆ ಎಲ್ಲರೂ ಸಾಲಾಗಿ ನಿಂತು ಒಂದೇ ದಮ್ಮಿಗೆ ಎತ್ತಿ ನಿಲ್ಲಿಸುತ್ತೇವೆ. ಒಂದು ರೀಪಿನ ನಡುವಿನಿಂದ ಮುಂದಿನದರ ನಡುವಿಗೆ 16 ಇಂಚು. ಹೊದಿಸುವ ಹಲಗೆ ನಾಲ್ಕಡಿ ಅಗಲ, ಅಂದರೆ 48 ಇಂಚು; ಹದಿನಾರರ ಲೆಕ್ಕದಲ್ಲಿ ನಿಲ್ಲಿಸಿದರೆ ಹಲಗೆಯ ಅಂಚು ಸರಿಯಾಗಿ ರೀಪಿನ ಮೇಲೆ ಬಂದು ಕೂರುತ್ತದೆ. ಟೇಪಿನ ಮೇಲೆ ಹದಿನಾರು ಇಂಚಿಗೊಂದು ಕೆಂಪು ಗುರುತು ಹಾಕಿರುತ್ತಾರೆ. ಅಮೆರಿಕನ್ನರು ಅದನ್ನು ಕಣ್ಣು ಕಿರಿದು ಮಾಡಿ ಹುಡುಕುತ್ತಿದ್ದರೆ ನಾನು ‘ಹದಿನಾರೊಂದ್ಲ ಹದಿನಾರು, ಹದಿನಾರೆರಡ್ಲ ಮೂವತ್ತೆರಡು’ ಎಂದು ರಾಗವಾಗಿ ಹೇಳುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದುಕೊಂಡು ಹೋಗಿಬಿಡುತ್ತೇನೆ. ಅರಸೀಕೆರೆಯ ಪ್ರೈಮರಿ ಶಾಲೆಯಲ್ಲಿ ಮಗ್ಗಿ ತಪ್ಪಿದರೆ ಗೆಣ್ಣಿಗೆ ಏಟು ಬೀಳುತ್ತಿದ್ದುದು ಯಾಕೆಂದು ನನಗೆ ಅಲಬಾಮಾದಲ್ಲಿ ಅರ್ಥವಾಯಿತು. ಸೂಪರ್‌ವೈಸರ್ ಹುಡುಗಿ ಅದನ್ನು ಯಾವುದೋ ಮಂತ್ರವೆಂದು ತಿಳಿದು, ನಾನು ಹೇಳಿ ಮುಗಿಸುವವರೆಗೆ ಯಾರೂ ಮಾತಾಡಬಾರದೆಂದು ಅಪ್ಪಣೆ ಮಾಡಿದಳು.

ಮೈಸೂರಿನ ನಮ್ಮಕ್ಕನಿಗೆ ವಿಡಿಯೋ ಕಾಲಿನಲ್ಲಿ ಗೋಡೆ ತೋರಿಸಿದೆ. ಇಟ್ಟಿಗೆ, ಸಿಮೆಂಟು, ಮೇಲೆ ವಾರಗಟ್ಟಲೆ ನೀರು ಹೊಡೆದು ಕ್ಯೂರಿಂಗ್ ಮಾಡದೆ ಗೋಡೆ ಎನ್ನಿಸಿಕೊಳ್ಳುವುದುಂಟೇ? “ಅಲ್ವೇ, ಇದು ಮನೆಯೋ ಬೆಂಕಿಪೊಟ್ಟಣವೋ? ಗೆದ್ದಲು ಹತ್ತಿದರೆ?” ಎಂದಳು. ನಾನು ಛಾವಣಿಗೂ ಗೋಡೆಗೂ ಬಿಗಿಯುವ ಉಕ್ಕಿನ ಪಟ್ಟಿ ತೋರಿಸಿದೆ. ಗಲ್ಫ್ ಕರಾವಳಿಯಲ್ಲಿ ಚಂಡಮಾರುತ ಬಂದಾಗ ಗಾಳಿ ಕೆಳಗಿನಿಂದ ನುಗ್ಗಿ ಛಾವಣಿಯನ್ನು ಮೇಲಕ್ಕೆತ್ತುತ್ತದೆ. ಆದ್ದರಿಂದ ಅಡಿಪಾಯದಿಂದ ತೊಲೆಯವರೆಗೆ ಎಲ್ಲವನ್ನೂ ಒಂದಕ್ಕೊಂದು ಕಟ್ಟಿಹಾಕಬೇಕು. ನಮ್ಮೂರಿನವರಿಗೆ ಸೂರು ಸೋರುವ ಭಯ, ಇವರಿಗೆ ಸೂರು ಹಾರುವ ಭಯ. 2005ರ ಕತ್ರೀನಾ ಚಂಡಮಾರುತದ ನಂತರ ನ್ಯೂ ಆರ್ಲಿಯನ್ಸ್‌ನಲ್ಲಿ ಹ್ಯಾಬಿಟ್ಯಾಟ್ ಕಟ್ಟಿದ ‘ಮ್ಯೂಸಿಷಿಯನ್ಸ್ ವಿಲೇಜ್’ ನೋಡಿಬಂದೆವು. ಊರು ಬಿಟ್ಟು ಚದುರಿದ್ದ ಜಾಝ್ ಕಲಾವಿದರನ್ನು ವಾಪಸು ಕರೆತರಲು ಎಬ್ಬಿಸಿದ ಬಣ್ಣಬಣ್ಣದ ಮನೆಗಳು. ಒಂದರ ಜಗಲಿಯಲ್ಲಿ ಯಾರೋ ಟ್ರಂಪೆಟ್ ಅಭ್ಯಾಸ ಮಾಡುತ್ತಿದ್ದರು. ಪಕ್ಕದ ಮನೆಯವರು ಕಿಟಕಿ ಮುಚ್ಚಿಕೊಂಡರು. ನೆರೆಹೊರೆ ಚೆನ್ನಾಗಿ ಬೇರುಬಿಟ್ಟಿದೆ ಎಂದು ಸಮಾಧಾನವಾಯಿತು.

ಪುಕ್ಕಟೆ ಮನೆ ಹಂಚುತ್ತೇವೆಂದು ಹಲವರು ತಿಳಿದಿದ್ದಾರೆ. ಹಾಗೇನಿಲ್ಲ. ಮನೆ ಪಡೆಯುವವರು ತಾವೇ ನೂರಾರು ಗಂಟೆ ಮೈಮುರಿದು ದುಡಿಯಬೇಕು, ಆಮೇಲೆ ತಿಂಗಳು ತಿಂಗಳು ಸಾಲದ ಕಂತು ಕಟ್ಟಬೇಕು. ನಾವು ಕೆಲಸ ಮಾಡಿದ ಒಂದು ಮನೆಯ ಹೆಣ್ಣುಮಗಳು ರಾತ್ರಿಪಾಳಿಯಲ್ಲಿ ವೃದ್ಧಾಶ್ರಮದ ಅಡುಗೆಮನೆಯಲ್ಲಿ ದುಡಿದು, ಬೆಳಗ್ಗೆ ನೇರವಾಗಿ ಸೈಟಿಗೆ ಬರುತ್ತಿದ್ದಳು. ಬಾಡಿಗೆ ಏರಿದಾಗೆಲ್ಲ ಮನೆ ಬದಲಿಸಿದವಳು. ಅವಳ ಮಗನ ವಿಳಾಸ ತಿದ್ದಿ ತಿದ್ದಿ ಶಾಲೆಯ ಗುಮಾಸ್ತೆಗೂ ಸಾಕಾಗಿತ್ತಂತೆ. ಆ ಹುಡುಗ ಬಂದವನೇ ತನ್ನ ಕೋಣೆ ಯಾವುದೆಂದು ಕೇಳಿ, ಇನ್ನೂ ಹಲಗೆಯೇ ಹೊದಿಸದ ರೀಪುಗಳ ನಡುವೆ ಹೋಗಿ ನಿಂತು, ಬಾಗಿಲಿಲ್ಲದ ಜಾಗದಲ್ಲಿ ತಟ್ಟಿ ಒಳಗೆ ಬರಬೇಕೆಂದು ಎಲ್ಲರಿಗೂ ತಾಕೀತು ಮಾಡಿದ. ಪ್ರಿನ್ಸಿಪಾಲರು ಗಾಳಿಯಲ್ಲಿ ತಟ್ಟಿ ಅಪ್ಪಣೆ ಪಡೆದು ಒಳಗೆ ಹೋದರು.

ಒಂದು ದಿನ ಊಟದ ಹೊತ್ತಿಗೆ ನನ್ನ ಚಿತ್ರಾನ್ನ ತಿನ್ನುತ್ತ ಅವಳು, “ನಿಮ್ಮ ಮನೆ ಎಲ್ಲಿ?” ಎಂದಳು.

“ಒಹಾಯೋದಲ್ಲಿ. ಬಾಡಿಗೆಗೆ ಕೊಟ್ಟಿದೀವಿ.”

“ಈಗ ಎಲ್ಲಿದ್ದೀರಿ?”

“ಅಗೋ, ಆ ವ್ಯಾನಿನಲ್ಲಿ.”

“ಅಂದರೆ, ಇರುವ ಮನೆಯನ್ನು ಬೇರೆಯವರಿಗೆ ಬಿಟ್ಟು, ವ್ಯಾನಿನಲ್ಲಿ ಮಲಗಿ, ನಿಮ್ಮದೇ ಪೆಟ್ರೋಲು ಹಾಕಿಕೊಂಡು ಬಂದು ನನಗೆ ಮನೆ ಕಟ್ಟುತ್ತಿದ್ದೀರಾ?”

ಹೌದೆಂದೆ. ಅವಳು ನಕ್ಕು ನಕ್ಕು ಮರದ ರಾಶಿಯ ಮೇಲೆ ಕುಳಿತುಬಿಟ್ಟಳು. “ನಾನು ಇಷ್ಟು ವರ್ಷ ಊರೂರು ಸುತ್ತಿದ್ದಕ್ಕೆ ಯಾರೂ ಟೂರ್ ಅನ್ನಲೇ ಇಲ್ಲ ನೋಡಿ” ಎಂದಳು.

ನಗುತ್ತಲೇ ಹೇಳಿದ್ದು, ಆದರೆ ಈ ವರ್ಷ ನಾನು ಕೇಳಿದ ಮಾತುಗಳಲ್ಲೆಲ್ಲ ತೂಕದ ಮಾತು ಅದೇ. ಅಲೆದಾಟ ಹವ್ಯಾಸ ಅನ್ನಿಸಿಕೊಳ್ಳಬೇಕಾದರೆ ಕಿಸೆಯಲ್ಲಿ ಒಂದು ಬೀಗದಕೈ ಇರಬೇಕು. ಕೈ ಖಾಲಿ ಇದ್ದವರು ಅಲೆದರೆ ಅದಕ್ಕೆ ಬೇರೆ ಹೆಸರು. ವ್ಯಾನಿನಲ್ಲಿ ಕಡಿಮೆ ಸಾಮಾನಿನಲ್ಲಿ ಬದುಕುವುದು ಎಷ್ಟು ಹಗುರ ಎಂದು ನಾವೆಲ್ಲ ಸಂಜೆ ಬೆಂಕಿಯ ಸುತ್ತ ಕೂತು ವೇದಾಂತ ಹೇಳುವುದುಂಟು. ಅದು ಸುಳ್ಳಲ್ಲ. ಆದರೆ ಬಿಟ್ಟುಬಂದವರ ವೇದಾಂತ ಅದು. ಇಲ್ಲದವರಿಗೆ ಅದನ್ನು ಉಪದೇಶಿಸುವಷ್ಟು ಹಗುರವಂತೂ ಅಲ್ಲ. ಸಾಮಾನು ಬೇಡವೆಂದು ನಾವು ಹೊರಟ ಬಾಗಿಲಿನಲ್ಲೇ ಅವಳು ಸೋಫಾ ಒಳಗೆ ತರಲು ಅಳತೆ ತೆಗೆಯುತ್ತಿದ್ದಳು.

ಮನೆ ಒಪ್ಪಿಸುವ ದಿನ ಬೀಗದಕೈ ಕೊಟ್ಟರು, ಬೈಬಲ್ ಕೊಟ್ಟರು. ಗೃಹಪ್ರವೇಶಕ್ಕೆ ಹಾಲುಕ್ಕಿಸುವ ಶಾಸ್ತ್ರವೊಂದು ನಮ್ಮಲ್ಲಿದೆ ಎಂದು ನಾನು ಹೇಳಿದೆ. “ಹೊಸ ಒಲೆಯ ಮೇಲೆ ಬೇಕಂತಲೇ ಹಾಲು ಚೆಲ್ಲುವುದೇ?” ಎಂದು ಅವಳು ಗಾಬರಿಯಾದಳು. ಸಮೃದ್ಧಿಯ ಲಕ್ಷಣ ಎಂದ ಮೇಲೆ ಒಪ್ಪಿದಳು. ಸುತ್ತ ಪೇಪರ್ ಟವೆಲ್ ಹಾಸಿ ಕೋಟೆ ಕಟ್ಟಿ, ಒಂದೇ ಒಂದು ತೊಟ್ಟು ಉಕ್ಕುವಷ್ಟು ಸಮೃದ್ಧಿಗೆ ಅನುಮತಿ ಕೊಟ್ಟಳು.

ಈಗ ರಜೆ. ಗಲ್ಫ್ ಕರಾವಳಿಯ ವ್ಯಾನ್ ಪಾರ್ಕಿನಲ್ಲಿದ್ದೇವೆ. ಚಳಿಗೆ ಹೆದರಿ ಉತ್ತರದಿಂದ ಓಡಿಬಂದ ಮುದುಕಮುದುಕಿಯರಿಂದ ಪಾರ್ಕು ಕಿಕ್ಕಿರಿದಿದೆ. ಪಕ್ಕದವರು ಗಾಳಿ ತುಂಬಿ ನಿಲ್ಲಿಸಿದ ಸಾಂತಾ ಕ್ಲಾಸ್ ನಮ್ಮ ವ್ಯಾನಿಗಿಂತ ಎತ್ತರ. ರಾತ್ರಿ ಮೋಟಾರು ಆರಿಸಿದರೆ ನಮ್ಮ ಕಿಟಕಿಗೆ ಒರಗಿ ಕುಸಿಯುತ್ತಾನೆ. ಮುಂದಿನ ಮನೆ ಟೆಕ್ಸಾಸಿನಲ್ಲಿ, ಜನವರಿಗೆ.

ನಿನ್ನೆ ಒಹಾಯೋದಿಂದ ನಮ್ಮ ಬಾಡಿಗೆಯ ಹುಡುಗ ಫೋನ್ ಮಾಡಿದ್ದ. ಅವನಿಗೆ ಎರಡು ಬೇಡಿಕೆ. ಒಂದು, ಮನೆಯನ್ನು ಇನ್ನೊಂದು ವರ್ಷಕ್ಕೆ ಕೊಡಬಹುದೇ? ನಮ್ಮವರು ನನ್ನ ಮುಖ ನೋಡಿದರು, ನಾನು ತಲೆಯಾಡಿಸಿದೆ. ಇನ್ನೊಂದು, ಅಡುಗೆಮನೆಯ ನಲ್ಲಿ ತೊಟ್ಟಿಕ್ಕುತ್ತಿದೆ, ಏನು ಮಾಡಲಿ? ನಮ್ಮವರು ಗಂಭೀರವಾಗಿ, “ಪ್ಲಂಬರನ್ನು ಕರೆಸಿಕೊಳ್ಳಿ” ಎಂದರು.

“ಅಲ್ಲ ಅಂಕಲ್, ನೀವು ಊರೂರಿಗೆ ಹೋಗಿ ಮನೆಯನ್ನೇ ಕಟ್ಟುತ್ತೀರಂತಲ್ಲ?”

“ಕಟ್ಟೋದು ಮಾತ್ರ ನಾವಪ್ಪಾ” ಎಂದರು ನಮ್ಮವರು. “ನಲ್ಲಿಗೆ, ಕರೆಂಟಿಗೆ ಲೈಸೆನ್ಸ್ ಇದ್ದೋರೇ ಬರಬೇಕು.”